ಉಪವಾಸದ ದಿನ ಉಂಡ ವೆರ್ನಾ

ಹಿಕ್ಕರಿ ರನ್ ಕಣಿವೆಯ ನಮ್ಮ ಮೆನೋನೈಟ್ ಎಂಬ ಹಳೆಯ ಕಟ್ಟಳೆಯ ಕ್ರೈಸ್ತ ಪಂಗಡದ ಜನಕ್ಕೆ ಹೊಗಳುವುದು ಬಾರದು. ಹೊಗಳಿದರೆ ಮನುಷ್ಯನಿಗೆ ಗರ್ವ ಬರುತ್ತದೆ, ಗರ್ವ ಬಂದರೆ ನರಕ, ಆದ್ದರಿಂದ ನೆರೆಹೊರೆಯವರ ಆತ್ಮದ ಹಿತಕ್ಕಾಗಿ ನಾವು ಬಾಯಿ ಬಿಗಿಹಿಡಿದಿರುತ್ತೇವೆ. ಗೆರೆ ಎಳೆದಂತೆ ಉತ್ತ ಹೊಲವನ್ನು ಕಂಡು ಯಾರಾದರೂ "ಪರವಾಗಿಲ್ಲ" ಅಂದರೆ ಆ ಹೊಲದವನಿಗೆ ಒಂದು ವಾರ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಇಂಥ ಊರಿನಲ್ಲಿ ವೆರ್ನಾ ನೋಲ್ಟ್ ಎಂಬ, ಮದುವೆಯಾಗದ, ನಲವತ್ತು ದಾಟಿದ ಹೆಂಗಸನ್ನು ಬಿಷಪ್ ಐಸಕ್ ವೀವರ್ ಭಾನುವಾರದ ಪ್ರಸಂಗದಲ್ಲಿ, ಪೀಠದ ಮೇಲೆ ನಿಂತು, ಹೊಗಳಿಬಿಟ್ಟರು. ಹೆಸರು ಹಿಡಿಯಲಿಲ್ಲ, ಆದರೆ ಯಾರೆಂದು ತೊಟ್ಟಿಲ ಕೂಸಿಗೂ ಗೊತ್ತಾಗುವಂತೆ ಹೊಗಳಿದರು. ಹೊಗಳಿದ್ದು ಅವಳು ಊಟ ಮಾಡದಿರುವುದನ್ನು.

"ನಮ್ಮ ನಡುವೆ ಒಬ್ಬ ಸಹೋದರಿ ಇದಾಳೆ. ವಾರವೆಲ್ಲ ಪೈ ಬೇಯಿಸ್ತಾಳೆ, ಒಂದು ಚೂರನ್ನೂ ಬಾಯಿಗೆ ಹಾಕ್ಕೊಳ್ಳಲ್ಲ. ನಮ್ಮಲ್ಲಿ ಕೆಲವರಿಗೆ ಹೊಟ್ಟೆಯೇ ದೇವರು. ಆ ಸಹೋದರಿಗೆ ದೇವರೇ ದೇವರು."

ಹೆಂಗಸರ ಬೆಂಚುಗಳಲ್ಲಿ ಬಿಳಿ ಟೋಪಿಗಳೆಲ್ಲ ಒಟ್ಟಿಗೆ ತಿರುಗಿದವು. ವೆರ್ನಾ ತನ್ನ ಕಪ್ಪು ಬೂಟುಗಳನ್ನು ನೋಡುತ್ತ ಕುಳಿತಳು. ಆ ದಿನದಿಂದ ಅವಳು ರಾತ್ರಿಯೂಟವನ್ನೂ ಬಿಟ್ಟಳು. ಮಾದರಿ ಅನ್ನಿಸಿಕೊಂಡ ಮೇಲೆ ಮಾದರಿಗೆ ತಕ್ಕ ಹಾಗೆ ಇರಬೇಕಲ್ಲ.

ಬಿಷಪ್ಪರೊಬ್ಬರನ್ನೇ ಅಂದು ಪ್ರಯೋಜನವಿಲ್ಲ. ನಾವೆಲ್ಲರೂ ಹಾಗೆಯೇ ತಿಳಿದಿದ್ದೆವು. ದೇಹದ ಆಕಾರ ಯಾರ ಕಣ್ಣಿಗೂ ಬೀಳಬಾರದೆಂದು ನಮ್ಮ ಹಿರಿಯರು ಹೆಂಗಸರಿಗೆ ಒಂದು ಉಡುಪು ಗೊತ್ತುಮಾಡಿದ್ದಾರೆ. ಮೊಣಕಾಲಿನ ಕೆಳಗಿನವರೆಗೆ ಗೌನು, ಎದೆಯ ಮೇಲೆ ಇನ್ನೊಂದು ಪದರ ಬಟ್ಟೆ. ಆಕಾರ ಯಾರ ಕಣ್ಣಿಗೂ ಬೀಳಲಿಲ್ಲ. ಆಕಾರವೇ ಇಲ್ಲವಾಗುತ್ತಿರುವುದೂ ಬೀಳಲಿಲ್ಲ. ವೆರ್ನಾ ತನ್ನ ಬಟ್ಟೆ ತಾನೇ ಹೊಲಿದುಕೊಳ್ಳುವವಳು. ಹೊಲಿಗೆ ವರ್ಷವರ್ಷವೂ ಒಳಕ್ಕೆ ಸರಿದದ್ದು ಸೂಜಿಗೊಂದೇ ಗೊತ್ತು.

ಅವಳು ಇದ್ದದ್ದು ಅಣ್ಣ ಮಾಹ್ಲನ್‌ನ ಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ. ತಾಯಿ ತೀರಿಕೊಳ್ಳುವವರೆಗೆ ಅಲ್ಲಿ ತಾಯಿಯೂ ಇದ್ದಳು. ಊಟ ಅಣ್ಣನ ಮೇಜಿನಲ್ಲಿ. ಕೆಲಸ ಅತ್ತಿಗೆ ಎಡ್ನಾಳ ಪೈ ಅಂಗಡಿಯಲ್ಲಿ, ಹಿಟ್ಟಿನ ಹಾಳೆಯಲ್ಲಿ ಸಿಹಿ ಹೂರಣ ತುಂಬಿ ಬೇಯಿಸುವುದು. ಪ್ರತಿ ಶುಕ್ರವಾರ ಸಂತೆಯ ಕಟ್ಟಡದಲ್ಲಿ ಎಡ್ನಾ ಅಂಗಡಿ ತೆರೆದಳೆಂದರೆ ಹೊರಗಿನ ಜನ ಕಾರು ಕಟ್ಟಿಕೊಂಡು ಬರುತ್ತಿದ್ದರು. ಎಡ್ನಾ ಮೈಕೈ ತುಂಬಿದ ಹೆಂಗಸು. ಅವಳ ಗಂಟಲು ಮೈಗಿಂತ ಒಂದು ಸುತ್ತು ದೊಡ್ಡದು. ಮಾಹ್ಲನ್ ಮಾತ್ರ, ಮಾತಿಗೆ ಸುಂಕ ಕಟ್ಟಬೇಕೇನೋ ಎಂಬಂತೆ, "ಹೂಂ" ಅನ್ನುವುದಕ್ಕೂ ಯೋಚಿಸುವ ಪ್ರಾಣಿ.

ಬಿಷಪ್ಪರ ಆ ಪ್ರಸಂಗವಾದ ಮುಂದಿನ ಶರತ್ಕಾಲದಲ್ಲಿ, ಒಂದು ಶುಕ್ರವಾರ, ವೆರ್ನಾ ಕಾಕಂಬಿ ಪೈಗಳ ಮೇಲೆ ಕವುಚಿ ಬಿದ್ದಳು. ನಿಂತಿದ್ದವಳು ನಿಂತಂತೆಯೇ ಪ್ರಜ್ಞೆ ತಪ್ಪಿದಳು. ಸಾಲಿನಲ್ಲಿದ್ದ ಯಾರೋ ನರ್ಸು ಓಡಿಬಂದು, ನಾಡಿ ಹಿಡಿದು, ಆ ಎದೆಯ ಪದರವನ್ನು ಸರಿಸಿ ನೋಡಿ, "ದೇವರೇ!" ಅಂದಳು. ಎಡ್ನಾ ಅಂದದ್ದು, "ಆ ಪೈಗಳನ್ನ ಇನ್ನು ಯಾರು ಕೊಳ್ತಾರೆ?" ನಿಜ ಹೇಳಬೇಕೆಂದರೆ ಅವಳಿಗೆ ಗಾಬರಿಯಾಗಿತ್ತು. ಗಾಬರಿಯಾದಾಗ ನಾವೆಲ್ಲ ವ್ಯಾಪಾರದ ಮಾತೇ ಆಡುತ್ತೇವೆ.

ಆಸ್ಪತ್ರೆಯಲ್ಲಿ ಅವಳ ಭಕ್ತಿಗೆ ಬೇರೊಂದು ಹೆಸರಿಟ್ಟರು. ಅದು ರೋಗ, ತುತ್ತು ಕಂಡರೆ ಹೆದರುವ ರೋಗ, ಹದಿನೇಳನೆಯ ವಯಸ್ಸಿನಿಂದಲೂ ಒಳಗೆ ಮನೆ ಮಾಡಿಕೊಂಡಿದ್ದದ್ದು. ಅಲ್ಲಿಂದ ದೂರದ ಊರಿನ ಚಿಕಿತ್ಸಾಲಯಕ್ಕೆ ಕಳಿಸಿದರು. ಇಡೀ ಚಳಿಗಾಲ ಅಲ್ಲಿದ್ದಳು. ಹೊರಡುವಾಗ ಡಾಕ್ಟರು ಎದುರು ಕೂರಿಸಿಕೊಂಡು ಹೇಳಿದರು: "ನಿಮ್ಮ ಹೃದಯ ಒಂದು ಸಲ ತಡಕೊಂಡಿದೆ. ಇನ್ನೊಂದು ಸಲ ತಡಕೊಳ್ಳಲ್ಲ. ಹೊತ್ತು ಹೊತ್ತಿಗೆ ತಿನ್ನಬೇಕು, ಹಸಿವಾಗ್ಲಿ, ಬಿಡ್ಲಿ."

ಚಿಕಿತ್ಸಾಲಯದಲ್ಲಿ ಮನಸ್ಸಿನ ಚಿಕಿತ್ಸೆ ಮಾಡುವ ಒಬ್ಬಳು ಅವಳನ್ನು ಕೇಳಿದ್ದಳಂತೆ, "ದೇವರು ನಿನಗೆ ಹೇಗೆ ಕಾಣ್ತಾನೆ?" ವೆರ್ನಾ ತಡಮಾಡದೆ ಹೇಳಿದಳು, "ಬೆನ್ನ ಹಿಂದೆ ನಿಂತು ತಟ್ಟೆ ನೋಡ್ತಿರ್ತಾನೆ." ಹೇಳಿದ ಮೇಲೆ ಅವಳಿಗೇ ಹೊಳೆಯಿತು. ಅದು ಎಡ್ನಾ ನಿಲ್ಲುವ ಭಂಗಿ. ತಾಯಿ ನಿಲ್ಲುತ್ತಿದ್ದ ಭಂಗಿಯೂ ಹೌದು. ಅಂದಿನಿಂದ ಅವಳಿಗೂ ದೇವರಿಗೂ ಬಿದ್ದ ಜಗಳ ಚಳಿಗಾಲ ಮುಗಿಯುವವರೆಗೆ ನಡೆಯಿತು. ಸಭ್ಯ ಜಗಳವಲ್ಲ. ಮೆನೋನೈಟ್ ಹೆಂಗಸಿಗೆ ಗೊತ್ತಿರಬಾರದ ಒಂದೆರಡು ಶಬ್ದಗಳೂ ಬಂದುವೆಂದು ಅವಳೇ ಒಪ್ಪಿಕೊಳ್ಳುತ್ತಾಳೆ. ಕೊನೆಗೆ ಹಾದಿ ತೋರಿಸಿದ್ದು, ಮಾತು ಬರುವ ಮೊದಲೇ ಬಾಯಿಪಾಠ ಮಾಡಿಸುವ, ದೇವರನ್ನು ಕುರುಬನೆಂದು ಕರೆಯುವ ಬೈಬಲಿನ ಆ ಹಳೆಯ ಕೀರ್ತನೆ. ಶತ್ರುಗಳ ಕಣ್ಣೆದುರಿಗೇ ಕರ್ತನು ನನಗೆ ಮೇಜು ಸಿದ್ಧಮಾಡುತ್ತಾನೆ ಎಂಬ ಮಾತು ಅದರಲ್ಲಿ ಬರುತ್ತದೆ. ಎಲ್ಲರ ಹಾಗೆ ಅವಳೂ ಆ ಸಾಲನ್ನು ಹಾರಿಕೊಂಡು ಹೋಗಿ, ಕುರುಬ ತನ್ನ ಕುರಿಯನ್ನು ಮಲಗಿಸುವ ಹಸಿರು ಹುಲ್ಲಿನಲ್ಲೇ ಮಲಗುತ್ತಿದ್ದಳು. ಈಗ ನಿಂತು ನೋಡಿದಳು. ಶತ್ರುಗಳನ್ನು ಓಡಿಸುತ್ತೇನೆ ಅಂತ ಅಲ್ಲಿ ಎಲ್ಲೂ ಇಲ್ಲ! ಅವರು ಅಲ್ಲೇ ನಿಂತಿರುತ್ತಾರೆ, ನೋಡುತ್ತಲೇ ಇರುತ್ತಾರೆ. ದೇವರು ತಟ್ಟೆ ನೋಡುವವರ ಗುಂಪಿನಲ್ಲಿಲ್ಲ. ಬಡಿಸುವ ಸೌಟು ಹಿಡಿದಿದ್ದಾನೆ. ಇಷ್ಟು ಗೊತ್ತಾದ ಮೇಲೆ ಅವಳ ಪ್ರಾರ್ಥನೆ ಚಿಕ್ಕದಾಯಿತು: "ಸ್ವಾಮಿ, ಅವರು ನೋಡ್ತಿದಾರೆ. ಬಡಿಸು."

ಊರಿಗೆ ಬಂದಳು. ಶತ್ರುಗಳಿಗೆ ಬರವಿರಲಿಲ್ಲ.

ಸಭೆಯ ಜನ ಅವಳ ಮೇಲೆ ಮುನಿಸಿಕೊಂಡಿದ್ದರು. ಸಂತಳೆಂದು ನಂಬಿದವಳು ರೋಗಿಯಾಗಿಬಿಟ್ಟರೆ ನಂಬಿದವರ ಮುಖ ಎಲ್ಲಿಡಬೇಕು? ಪೆದ್ದರಾದದ್ದು ನಾವು, ಸಿಟ್ಟು ಅವಳ ಮೇಲೆ. ಬಿಷಪ್ಪರು ಅವಳನ್ನು ಕಂಡರೆ ಹವಾಮಾನದ ಬಗ್ಗೆ ಮಾತಾಡಿ ಜಾರಿಕೊಳ್ಳುತ್ತಿದ್ದರು. ಎಡ್ನಾ ಮಾತ್ರ ಜಾರಿಕೊಳ್ಳುವ ಜಾತಿಯಲ್ಲ.

"ರೋಗವಂತೆ ರೋಗ! ನಮ್ಮಮ್ಮನ ಕಾಲದಲ್ಲಿ ಮೇಜಿನ ಸುತ್ತ ಹನ್ನೊಂದು ಮಕ್ಕಳು, ನಡುವೆ ಒಂದು ಕೋಳಿ. ಆಗ ಈ ರೋಗ ಯಾರಿಗೂ ಬರ್ಲಿಲ್ಲ, ನೋಡು. ಇದು ಗರ್ವ ಕಣೇ, ಗರ್ವ."

ನಮ್ಮಲ್ಲಿ ಊಟಕ್ಕೆ ಮೊದಲೂ ತಲೆತಗ್ಗಿಸಿ ಮೌನವಾಗಿ ಪ್ರಾರ್ಥಿಸುತ್ತೇವೆ, ಊಟವಾದ ಮೇಲೂ ಇನ್ನೊಮ್ಮೆ. ಎರಡನೆಯದು ಸಾಮಾನ್ಯವಾಗಿ ಕೆಮ್ಮಿನಷ್ಟು ಚಿಕ್ಕದು, ಕೆಲಸ ಕಾಯುತ್ತಿರುತ್ತದಲ್ಲ. ವೆರ್ನಾಗೆ ತುತ್ತು ನುಂಗುವುದಕ್ಕಿಂತ ನುಂಗಿದ ಮೇಲಿನ ಗಳಿಗೆ ಕಷ್ಟ. ಹೊಟ್ಟೆಯಲ್ಲಿದ್ದದ್ದು ಕಲ್ಲಾಗಿ, ಕಲ್ಲು ಪಾಪವಾಗಿ, ಪಾಪ ಬಾಯಿಗೆ ಬಂದು ತಪ್ಪೊಪ್ಪಿಕೋ ಅನ್ನುವ ಗಳಿಗೆ ಅದು. ಆದ್ದರಿಂದ ಅವಳ ಎರಡನೆಯ ಪ್ರಾರ್ಥನೆ ಮುಗಿಯುತ್ತಲೇ ಇರಲಿಲ್ಲ. ಎಲ್ಲರೂ ತಲೆ ಎತ್ತಿ ಕಾಯುತ್ತಿದ್ದರು. ಎಡ್ನಾ ಪಿಸುಗುಡುತ್ತಿದ್ದಳು, ಅಡುಗೆಮನೆಯಾಚೆ ದನದ ಕೊಟ್ಟಿಗೆಗೂ ಕೇಳುವಂಥ ಪಿಸುಮಾತು: "ತಿಂದ ಆಲೂಗಡ್ಡೆಗೆ ಉತ್ತರಕ್ರಿಯೆ ನಡೀತಾ ಇದೆ. ಯಾರೂ ಏಳಬೇಡಿ."

ಇದನ್ನೆಲ್ಲ ವೆರ್ನಾ ತಡೆದುಕೊಂಡಳು. ಬೈಗುಳ ಅವಳಿಗೆ ಸಲೀಸು. ಅವಳನ್ನು ಕೆಡವಿದ್ದು ಹೊಗಳಿಕೆ.

ಬೇಸಗೆ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಊಟಕ್ಕೆ ನೆಂಟರು ಬಂದಿದ್ದರು. ಮೇಜಿನ ತುಂಬ ಕೋಳಿ, ಹಿಸುಕಿದ ಆಲೂಗಡ್ಡೆ, ಬೆಣ್ಣೆಯಲ್ಲಿ ಹುರಿದ ನೂಡಲ್ಸು. ವೆರ್ನಾ ಎರಡನೆಯ ಸಲ ನೂಡಲ್ಸು ಬಡಿಸಿಕೊಂಡಳು. ಅವಳ ಲೆಕ್ಕದಲ್ಲಿ ಅದು ಸಿಂಹದ ಗವಿಗೆ ಇಳಿದಷ್ಟು ಸಾಹಸ. ಎಡ್ನಾ ಎದ್ದು ಒಳಗೆ ಹೋಗಿ ತನ್ನದೇ ಒಂದು ಹಳೆಯ ನೀಲಿ ಗೌನು ತಂದಳು. ಎಲ್ಲರೆದುರಿಗೂ ವೆರ್ನಾಳ ಹೆಗಲಿಗೆ ಹಿಡಿದು ಅಳತೆ ನೋಡಿದಳು.

"ನೋಡ್ರೀ, ನನ್ನ ನಾದಿನಿ ಎಷ್ಟು ಚೆನ್ನಾಗಿ ತುಂಬ್ಕೊಂಡಿದಾಳೆ! ಇನ್ನೊಂದು ಚಳಿಗಾಲ ಕಳೀಲಿ, ನನ್ನ ಬಟ್ಟೆಯೇ ಆಗುತ್ತೆ. ಹೊಲಿಯೋ ಖರ್ಚು ಉಳೀತಲ್ಲೇ!"

ಎಲ್ಲರೂ ನಕ್ಕರು. ಮಾಹ್ಲನ್ ತಟ್ಟೆಯಲ್ಲಿನ ಕೋಳಿಯ ಮೂಳೆಯನ್ನು ದೀರ್ಘವಾಗಿ ಪರೀಕ್ಷಿಸಿದ. ವೆರ್ನಾ ಚಮಚ ಕೆಳಗಿಟ್ಟಳು.

ಅಂದಿನಿಂದ ಅವಳು ಮತ್ತೆ ಜಾರತೊಡಗಿದಳು. ರೊಟ್ಟಿ ಏಪ್ರನ್ನಿನ ಜೇಬಿಗೆ, ಜೇಬಿನಿಂದ ಕೋಳಿಗಳಿಗೆ. ಬೆಳಿಗ್ಗೆ "ಆಮೇಲೆ ತಿಂತೀನಿ", ಮಧ್ಯಾಹ್ನ "ಆಗಲೇ ತಿಂದೆ". ಪೈ ಹಿಟ್ಟು ಲಟ್ಟಿಸುವಾಗ ಮೇಜಿನ ಅಂಚು ಹಿಡಿದುಕೊಳ್ಳಬೇಕಾಗುತ್ತಿತ್ತು. ಪ್ರಾರ್ಥನೆಯೂ ನಿಂತಿತು, ಬಡಿಸು ಅಂತ ಕೇಳಿ ಕೋಳಿಗಳಿಗೆ ಹಾಕಿದರೆ ಬಡಿಸುವವನಿಗೆ ಅವಮಾನವಲ್ಲವೇ. ಡಾಕ್ಟರ ಮಾತು ಅವಳಿಗೆ ನೆನಪಿತ್ತು. ಇದೇ ದಾರಿಯಲ್ಲಿ ಹೋದರೆ ಕ್ರಿಸ್ಮಸ್ಸಿನ ಆಚೆ ತಾನಿರುವುದಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದರೂ ನಿಲ್ಲಿಸಲಾಗದೆ ಇರುವುದಕ್ಕೇ ರೋಗವೆನ್ನುವುದು.

ಹೀಗಿರುವಾಗ ಸಮಾಧಾನದ ಶನಿವಾರ ಬಂತು.

ಕರ್ತನ ಭೋಜನ, ಅವನ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಆರಾಧನೆ, ನಮ್ಮಲ್ಲಿ ವರ್ಷಕ್ಕೆ ಎರಡೇ ಸಲ. ಅದರ ಹಿಂದಿನ ದಿನ ಸಭೆಯವರೆಲ್ಲ ಬೆಳಗಿನಿಂದ ಉಪವಾಸವಿದ್ದು ಆರಾಧನಾ ಮಂದಿರದಲ್ಲಿ ಸೇರುತ್ತೇವೆ. ಪೀಠದ ಹಿಂದಿನ ಚಿಕ್ಕ ಕೋಣೆಗೆ ಒಬ್ಬೊಬ್ಬರಾಗಿ ಹೋಗಿ ಬಿಷಪ್ಪರ ಮುಂದೆ ಒಂದು ಮಾತು ಹೇಳಬೇಕು: "ದೇವರ ಜೊತೆ ಸಮಾಧಾನ ಇದೆ, ನನಗೆ ತಿಳಿದ ಮಟ್ಟಿಗೆ ಮನುಷ್ಯರ ಜೊತೆಗೂ ಇದೆ, ಕರ್ತನ ಮೇಜಿಗೆ ಬರೋ ಆಸೆ ಇದೆ." ಯಾರಾದರೂ ಒಬ್ಬರು ಸಮಾಧಾನವಿಲ್ಲ ಅಂದರೆ, ಅದು ಬಗೆಹರಿಯುವ ತನಕ ಯಾರಿಗೂ ಭೋಜನವಿಲ್ಲ. ಆದರೆ ಯಾರೂ ಅನ್ನುವುದಿಲ್ಲ. "ನನಗೆ ತಿಳಿದ ಮಟ್ಟಿಗೆ" ಎಂಬ ಬಾಗಿಲು ಬಹಳ ಅಗಲ, ಹುಲ್ಲು ಹೇರಿದ ಗಾಡಿ ಸರಾಗವಾಗಿ ಹೋಗುತ್ತದೆ. ಹೋರಿ ಜೋಳಕ್ಕೆ ನುಗ್ಗಿದ್ದಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರಿಬ್ಬರು ನಮ್ಮಲ್ಲಿ ಅದೇ ಬಾಗಿಲಲ್ಲಿ ಒಬ್ಬರ ಹಿಂದೊಬ್ಬರು, ಮುಖ ನೋಡದೆ, ತೂರಿಕೊಂಡು ಬರುತ್ತಾರೆ. ಎಲ್ಲರದೂ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಕೋಳಿ ಮತ್ತು ಜೋಳದ ಬಿಸಿ ಸೂಪು. ಸಮಾಧಾನಕ್ಕೆ ಅವಸರ ಹುಟ್ಟಿಸುವುದೇ ಆ ಸೂಪಿನ ವಾಸನೆ ಎಂದು ಕೆಲವರು ಹೇಳುವುದುಂಟು.

ಕಾಯಿಲೆಯವರಿಗೂ ಬಸುರಿಯರಿಗೂ ಉಪವಾಸದ ನಿಯಮವಿಲ್ಲ. ವೆರ್ನಾ ಬೆಳಿಗ್ಗೆ ಒಂದು ಸ್ಯಾಂಡ್‌ವಿಚ್ಚು ಕಟ್ಟಿಕೊಂಡಿದ್ದಳು, ದಪ್ಪ ರೊಟ್ಟಿ, ಹೊಗೆ ಹಾಕಿದ ಮಾಂಸ, ಚೀಸು, ಸಾಸಿವೆ. ಕಟ್ಟಿಕೊಂಡಳಷ್ಟೆ. ಹಿಂದಿನ ದಿನದಿಂದಲೂ ಅವಳು ಏನೂ ತಿಂದಿರಲಿಲ್ಲ. ಬೆಂಚಿನಲ್ಲಿ ಕುಳಿತಾಗ ಆ ಹಳೆಯ ಹಗುರ ಅವಳನ್ನು ಮೆಲ್ಲಗೆ ಎತ್ತಿಕೊಂಡಿತು. ಇವತ್ತು ಖಾಲಿ ತಟ್ಟೆಯನ್ನು ಯಾರೂ ನೋಡುವುದಿಲ್ಲ, ಯಾಕೆಂದರೆ ತಟ್ಟೆಯೇ ಇಲ್ಲ. ಇವತ್ತು ಊಟ ಬಿಡುವುದೇ ಪುಣ್ಯ. ರೋಗಕ್ಕೆ ಇದಕ್ಕಿಂತ ದೊಡ್ಡ ಹಬ್ಬ ಯಾವುದು? ಮುಂದಿನ ಬೆಂಚಿನ ಮುದುಕಿಯೊಬ್ಬಳು ತಿರುಗಿ ಅವಳ ಕೈ ಅದುಮಿ, "ಮತ್ತೆ ಮೊದಲಿನ ಹಾಗೆ ಕಾಣ್ತಿದೀಯಮ್ಮ, ಒಳ್ಳೇದಾಯ್ತು," ಅಂದಳು. ವೆರ್ನಾಗೆ ಒಳಗೊಳಗೇ ಖುಷಿ ಉಕ್ಕಿತು. ಮರುಕ್ಷಣ ಆ ಖುಷಿಗೇ ಹೆದರಿದಳು.

ಅವಳ ಸರದಿ ಬಂತು. ಕೋಣೆಯೊಳಗೆ ಹೋಗಿ ಕುರ್ಚಿಯ ಬೆನ್ನು ಹಿಡಿದು ನಿಂತಳು. ಬಿಷಪ್ ಐಸಕ್ ಬಿಳಿಗಡ್ಡದ ಮೇಲೆ ಕೈಯಾಡಿಸುತ್ತ, ಕೇಳುವುದೇನಿದೆ ಎಂಬಂತೆ, "ಹೇಳು ಸಹೋದರಿ," ಅಂದರು.

ಹೇಳಬೇಕೆಂದೇ ಬಾಯಿ ತೆರೆದಳು. ಆಗ ಅವಳಿಗೆ ಇದ್ದಕ್ಕಿದ್ದಂತೆ ಒಂದು ವಿಷಯ ಹೊಳೆಯಿತು: ನಾನು ಸತ್ತರೆ ಇವರು ನನ್ನ ಪೆಟ್ಟಿಗೆಯ ಪಕ್ಕ ನಿಂತೂ ಹೊಗಳುತ್ತಾರೆ.

"ಇಲ್ಲ," ಅಂದಳು.

"ಏನಿಲ್ಲ?"

"ಸಮಾಧಾನ ಇಲ್ಲ."

ಬಿಷಪ್ಪರ ಕೈ ಗಡ್ಡದಲ್ಲೇ ನಿಂತಿತು. "ದೇವರ ಜೊತೆಗಾ?"

"ದೇವರ ಜೊತೆ ಜಗಳ ಆಗಿ ಮುಗೀತು. ಮನುಷ್ಯರ ಜೊತೆ ಇಲ್ಲ. ಎಡ್ನಾ ಜೊತೆ ಇಲ್ಲ. ನಿಮ್ಮ ಜೊತೆನೂ ಇಲ್ಲ."

ಎಡ್ನಾಗೆ ಕರೆ ಹೋಯಿತು. ಅವಳು ಬರುವಷ್ಟರಲ್ಲಿ ಸುದ್ದಿ ಬೆಂಚಿನಿಂದ ಬೆಂಚಿಗೆ ಹಾರಿ ಹಿಂದಿನ ಸಾಲು ಮುಟ್ಟಿತ್ತು.

"ಏನೇ ನಿನ್ನ ರಂಪ?" ಎಡ್ನಾ ಬಾಗಿಲಲ್ಲೇ ಶುರುಮಾಡಿದಳು. "ಹೊರಗೆ ಜನ ಹಸ್ಕೊಂಡು ಕೂತಿದಾರೆ! ನಾನು ನಿನಗೆ ಏನು ಮಾಡ್ದೆ? ಅನ್ನ ಹಾಕ್ದೆ. ಚೆನ್ನಾಗಿ ತುಂಬ್ಕೊಂಡಿದೀಯ ಅಂದೆ. ಅದೂ ಬೈಗುಳಾನಾ?"

"ನನಗೆ ಅದು ಬೈಗುಳಕ್ಕಿಂತ ಜಾಸ್ತಿ. ಅದು ನಿನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ."

"ಗೊತ್ತಿರ್ಲಿಲ್ಲ ಅಂತ ನಾನೆಲ್ಲಿ ಹೇಳ್ದೆ?" ಅಂದುಬಿಟ್ಟಳು ಎಡ್ನಾ. ಸಮಾಧಾನದ ಕೋಣೆಯಲ್ಲಿ ಸುಳ್ಳು ಹೇಳಿ ಅಭ್ಯಾಸವಿದ್ದವಳಿಗೂ ಇದು ಬಾಯಿತಪ್ಪಿ ಬಂತು. ಒಮ್ಮೆ ಬಂದ ಮೇಲೆ ಕಟ್ಟೆ ಒಡೆಯಿತು. "ಹೌದು ಕಣೇ, ಗೊತ್ತಿತ್ತು! ನಿಮ್ಮಮ್ಮ ಸಾಯೋ ತನಕ ನನ್ನ ಮೇಜಲ್ಲಿ ಕೂತ್ಕೊಂಡು, 'ನೋಡು, ನಮ್ಮ ವೆರ್ನಾ ಎಷ್ಟು ಕಮ್ಮಿ ಬಡಿಸ್ಕೋತಾಳೆ' ಅಂತಿದ್ರು. ನಾನು ಬೇಯ್ಸಿದ್ದು, ನಾನು ಬಡಿಸಿದ್ದು, ನನ್ನ ಕೈಲಿರೋ ರೊಟ್ಟಿ ನೋಡ್ತಾನೇ ಅನ್ನೋರು. ಆಮೇಲೆ ಆ ಪ್ರಸಂಗ! ಹೆಂಗಸರ ಬೆಂಚೆಲ್ಲ ಮೊದ್ಲು ನಿನ್ನನ್ನ ನೋಡ್ತು, ಆಮೇಲೆ ನನ್ನನ್ನ ನೋಡ್ತು. 'ಕೆಲವರಿಗೆ ಹೊಟ್ಟೆಯೇ ದೇವರು' ಅಂದ್ರಲ್ಲ, ಆ ಕೆಲವರು ಯಾರು? ಬಿಷಪ್ಪರು ಇಲ್ಲೇ ಇದಾರೆ, ಹೇಳ್ಲಿ!"

ಬಿಷಪ್ಪರು ಕಿಟಕಿಯತ್ತ ನೋಡಿದರು. ಕಿಟಕಿಯಾಚೆ ಕುದುರೆ ಲಾಯದ ಗೋಡೆಯಿತ್ತು.

"ನಿನ್ನದು ಭಕ್ತಿ ಅಲ್ಲ, ರೋಗ ಅಂತ ಗೊತ್ತಾದ ದಿನ," ಎಡ್ನಾಳ ದನಿ ಮೊದಲ ಬಾರಿಗೆ ಕೋಣೆಯಷ್ಟಕ್ಕೇ ಚಿಕ್ಕದಾಯಿತು, "ದೇವರು ಕ್ಷಮಿಸ್ಲಿ, ನನಗೆ ಖುಷಿ ಆಯ್ತು."

ವೆರ್ನಾಗೆ ಕಣ್ಣಂಚಿನಲ್ಲಿ ಕಪ್ಪು ಚುಕ್ಕಿಗಳು ಕಂಡವು. ಮಾತು ಕೇಳಿ ಅಲ್ಲ, ಹೊಟ್ಟೆಯಲ್ಲಿ ಏನೂ ಇಲ್ಲದೆ. ಕಾಕಂಬಿ ಪೈಗಳ ಮೇಲೆ ಬೀಳುವ ಮೊದಲೂ ಇವೇ ಚುಕ್ಕಿಗಳು ಬಂದಿದ್ದವು. ಕುರ್ಚಿಯಲ್ಲಿ ಕುಳಿತಳು. ಎದುರಿಗೆ ಇಬ್ಬರು, ಒಬ್ಬರು ತನ್ನ ಹಸಿವನ್ನು ಹೊಗಳಿದವರು, ಒಬ್ಬಳು ತನ್ನ ಊಟವನ್ನು ಹೊಗಳಿದವಳು. 'ಸ್ವಾಮಿ,' ಅಂದಳು ಒಳಗೊಳಗೇ, 'ಇವರಿಗಿಂತ ಒಳ್ಳೆಯ ಶತ್ರುಗಳು ನನಗೆ ಈ ಕಣಿವೆಯಲ್ಲಿ ಸಿಗಲ್ಲ. ನಾನು ತಿನ್ನಲಾರೆ, ನೀನೇ ತಿನ್ನಿಸಬೇಕು.'

ಏನಾದರೂ ಇಳಿದು ಬರುತ್ತದೆಂದು ಕಾದಳು. ಬೆಳಕಾಗಲೀ ಬೆಚ್ಚನೆಯ ಅನುಭವವಾಗಲೀ ಬರಲಿಲ್ಲ. ಕೈ ಮಾತ್ರ ಚೀಲಕ್ಕೆ ಹೋಯಿತು. ಅಷ್ಟೇ ಸಾಕೆನ್ನಿಸಿತು.

ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚಿದ ಸದ್ದಿಗೆ ಬಿಷಪ್ಪರು ತಿರುಗಿದರು. "ಸಹೋದರಿ! ಇವತ್ತು ಉಪವಾಸ."

"ಇಷ್ಟು ವರ್ಷ ಅದನ್ನೇ ಮಾಡಿದೀನಿ. ಇವತ್ತು ಮುರೀತಾ ಇದೀನಿ."

"ನೋಡಿದ್ರಾ, ನೋಡಿದ್ರಾ!" ಅಂದಳು ಎಡ್ನಾ. ಅಷ್ಟರಲ್ಲಿ ಮಾಂಸ, ಸಾಸಿವೆಯ ಪರಿಮಳ ಕೋಣೆಯನ್ನು ತುಂಬಿತು. ಎಡ್ನಾಳ ಹೊಟ್ಟೆ, ಯಜಮಾನಿಯ ಅಪ್ಪಣೆ ಕೇಳದೆ, ಉದ್ದವಾಗಿ ಗುರುಗುಟ್ಟಿತು.

ಆ ಸದ್ದು ಬಿಷಪ್ಪರಿಗೆ ದೈವಪ್ರೇರಣೆಯಂತೆ ಕೇಳಿಸಿತೋ ಏನೋ. ಅವರ ಮುಖ ಅರಳಿತು. ಎರಡು ಕೈ ಚಾಚಿ, ಪೀಠದ ದನಿಯಲ್ಲಿ ಹೇಳಿದರು: "ವೆರ್ನಾ, ಆ ರೊಟ್ಟಿ ಮುರಿದು ಅರ್ಧ ನಿನ್ನ ಸಹೋದರಿಗೆ ಕೊಡು. ಇಬ್ಬರೂ ಒಟ್ಟಿಗೆ ತಿನ್ನಿ. ಇದಕ್ಕಿಂತ ಸಮಾಧಾನ ಏನು ಬೇಕು? ನಾನೇ ಹೊರಗೆ ಹೋಗಿ ಸಾರ್ತೀನಿ."

ಎಂಥ ಚಂದದ ಯೋಚನೆ! ಪುಸ್ತಕದಲ್ಲಿ ಬರೆದಿಡಬಹುದು. ಎಡ್ನಾಳ ಕೈ ಆಗಲೇ ಅರ್ಧ ಮೇಲೆದ್ದಿತ್ತು. ಆದರೆ ತನ್ನ ತುತ್ತನ್ನು ಬೇರೆಯವರ ತಟ್ಟೆಗೆ ದಾಟಿಸುವುದು ವೆರ್ನಾಳ ರೋಗದ ಅತಿ ಹಳೆಯ ಕಳ್ಳದಾರಿ. ಮಕ್ಕಳಿಗೆ ಅರ್ಧ, ನೆಂಟರಿಗೆ ಅರ್ಧ, ನಾಯಿಗೆ ಉಳಿದರ್ಧ. ಅದನ್ನು ನಾವು ಔದಾರ್ಯವೆಂದು ಕರೆದದ್ದೂ ಆಗಿತ್ತು. ಬಿಷಪ್ಪರು ಅದೇ ಗುಂಡಿಯನ್ನು, ಅದೇ ಒಳ್ಳೆಯ ಮನಸ್ಸಿನಿಂದ, ಎರಡನೆಯ ಸಲ ತೋಡಿ ಅವಳ ಮುಂದಿಟ್ಟಿದ್ದರು.

ವೆರ್ನಾ ರೊಟ್ಟಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. "ಕೊಡಲ್ಲ."

"ಏನಂದೆ?"

"ಇದು ನನ್ನದು. ಪೂರ್ತಿ ನನ್ನದು. ಬಡಿಸಿರೋನು ನನಗೆ ಅಂತ ಬಡಿಸಿದಾನೆ. ಎಡ್ನಾಗೆ ಕೆಳಗೆ ಸೂಪಿದೆ."

ಹೇಳಿ, ಕಚ್ಚಿದಳು.

ತಿನ್ನುವುದು ಸುಲಭವಾಗಿರಲಿಲ್ಲ. ಮೊದಲ ತುತ್ತು ಗಂಟಲಲ್ಲಿ ನಿಂತು ಹಟ ಮಾಡಿತು. ಕಣ್ಣಲ್ಲಿ ನೀರು ಬಂತು. ನುಂಗಿದಳು. ಇನ್ನೊಂದು ಕಚ್ಚಿದಳು. ಎಡ್ನಾ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಕೈಗೂ ಬಂದಿರಲಿಲ್ಲ. ಬಿಷಪ್ಪರು ಕುಳಿತರು, ಎದ್ದರು, ಮತ್ತೆ ಕುಳಿತರು. ಹೊರಗೆ ಬೆಂಚುಗಳು ಕಿರುಗುಟ್ಟಿದವು, ಮಕ್ಕಳು ಅತ್ತವು, ಯಾರೋ ಗಂಡಸು ಎಲ್ಲರಿಗೂ ಕೇಳುವಂತೆ ನಿಟ್ಟುಸಿರಿಟ್ಟ. ಕೊನೆಗೆ ಸೂಪಿನ ಉಸ್ತುವಾರಿಯ ಹೆಂಗಸು ಬಾಗಿಲು ತಟ್ಟಿ ತಲೆ ಹಾಕಿದಳು.

"ಸೂಪು ತಳ ಹಿಡೀತಾ ಇದೆ. ಮುಗೀತಾ?"

"ಎಲ್ಲಿ ಮುಗೀತು," ಅಂದಳು ಎಡ್ನಾ, "ಇನ್ನೂ ಅಗೀತಿದಾಳೆ."

ಪೂರ್ತಿ ತಿಂದಳು. ಅಂಚನ್ನೂ ಬಿಡಲಿಲ್ಲ. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಹೇಳಿದಳು, "ನನ್ನ ತಟ್ಟೆ ಬಗ್ಗೆ ನೀವಿಬ್ಬರೂ ಮಾತಾಡಕೂಡದು. ಬೈದೂ ಆಡಬೇಡಿ, ಹೊಗಳಿಯೂ ಆಡಬೇಡಿ. ಅಷ್ಟಾಗೋವರೆಗೂ ಸಮಾಧಾನ ಇಲ್ಲ."

"ನಾನಂತೂ ಕ್ಷಮೆ ಕೇಳಲ್ಲ," ಅಂದಳು ಎಡ್ನಾ.

"ಬೇಡ. ಬಾಯಿ ಮುಚ್ಕೋ, ಸಾಕು."

ಕರ್ತನ ಭೋಜನ ಎರಡು ವಾರ ಮುಂದಕ್ಕೆ ಹೋಯಿತೆಂದು ಬಿಷಪ್ಪರು ಹೊರಗೆ ಬಂದು ಹೇಳಿದರು. ದೂರದ ಕಣಿವೆಗಳಿಂದ ನೆಂಟರು ಬಂದಿದ್ದರು. ಸಭಾಸೇವಕನ ಹೆಂಡತಿ ಭೋಜನಕ್ಕೆಂದು ಬೇಯಿಸಿದ ರೊಟ್ಟಿ ಬಟ್ಟೆಯಡಿ ಸಿದ್ಧವಾಗಿತ್ತು. ಉಪವಾಸದ ದಿನ ಸ್ಯಾಂಡ್‌ವಿಚ್ಚು ತಿಂದದ್ದೂ ಹೊರಗೆ ಗೊತ್ತಾಗಿತ್ತು. ಸೂಪಿನ ಸಾಲಿನಲ್ಲಿ ಅವಳ ಮುಂದೆಯೂ ಹಿಂದೆಯೂ ಜಾಗ ತಾನಾಗಿ ಖಾಲಿಯಾಯಿತು. ಹೋರಿಯ ಜಗಳದ ಅಣ್ಣತಮ್ಮಂದಿರು, ಹಲವು ವರ್ಷಗಳ ನಂತರ, ಅವಳನ್ನು ಬೈಯುವುದಕ್ಕಾಗಿ ಪರಸ್ಪರ ಮಾತಾಡಿದರು. ಅದರ ಪುಣ್ಯವನ್ನು ಯಾರೂ ಅವಳ ಹೆಸರಿಗೆ ಬರೆಯಲಿಲ್ಲ.

ಆ ಎರಡು ವಾರ ಅಣ್ಣನ ಮೇಜಿನಲ್ಲಿ ಬರೀ ಚಮಚಗಳ ಸದ್ದು. ಎಡ್ನಾ ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು, ದಡದ ಮೇಲೆ ಬಿದ್ದ ಮೀನಿನ ಹಾಗೆ. ಪಾತ್ರೆಗಳನ್ನು ಕುಕ್ಕುತ್ತಿದ್ದಳು. ವೆರ್ನಾ ಅವಳಿಗೆ ಎದುರಾಗಿಯೇ ಕುಳಿತು ತಿನ್ನುತ್ತಿದ್ದಳು. ಕೆಲವು ಊಟ ಸೋತಳು, ಅಂದರೆ ಅರ್ಧಕ್ಕೇ ಕೈ ನಿಂತಿತು. ಆದರೆ ಕೋಳಿಗಳಿಗೆ ಮತ್ತೆ ರೊಟ್ಟಿ ಬೀಳಲಿಲ್ಲ. ಒಂದು ದಿನ ಮಾಹ್ಲನ್ ಯಾರೂ ಕೇಳದೆ ಬೆಣ್ಣೆಯ ಬಟ್ಟಲನ್ನು ತಂಗಿಯತ್ತ ಸರಿಸಿದ. ಸರಿಸಿ, ತಾನು ಮಿತಿಮೀರಿದೆನೆಂದು ಗಾಬರಿಯಾಗಿ ಎದ್ದು ಹಾಲು ಕರೆಯಲು ಹೋದ.

ಮುಂದಿನ ಸಮಾಧಾನದ ಶನಿವಾರ ಬಿಷಪ್ ಐಸಕ್ ಎಲ್ಲರಿಗಿಂತ ಮೊದಲು ಪೀಠದ ಕೆಳಗೆ ನಿಂತರು. ಹೊಗಳುವುದಕ್ಕಿಂತಲೂ ನಮ್ಮ ಜನಕ್ಕೆ ಬಾರದ ಕೆಲಸವೊಂದಿದ್ದರೆ ಅದು ತಪ್ಪಾಯಿತು ಅನ್ನುವುದು. "ಒಂದು ಪ್ರಸಂಗದಲ್ಲಿ ನಾನು ಒಬ್ಬಳ ರೋಗವನ್ನ ಭಕ್ತಿ ಅಂದೆ," ಅಂದರು, "ಇನ್ನೊಬ್ಬಳ ಹಸಿವನ್ನ ಪಾಪ ಅಂದೆ. ಎರಡೂ ತಪ್ಪು." ಅಷ್ಟು ಹೇಳಿ ಹೋಗಿ ಕುಳಿತರು. ಅದೂ ವೆರ್ನಾಳದೇ ಕಾರಸ್ಥಾನವೆಂದು ಜನ ಗೊಣಗಿದರು. ಕೋಣೆಯಲ್ಲಿ ವೆರ್ನಾ ಹೇಳಿದಳು: "ದೇವರ ಜೊತೆ ಇದೆ. ನಿಮ್ಮ ಜೊತೆನೂ ಇದೆ. ಎಡ್ನಾ ಜೊತೆ..." ಸ್ವಲ್ಪ ಯೋಚಿಸಿದಳು. "ನನಗೆ ತಿಳಿದ ಮಟ್ಟಿಗೆ." ಆ ಬಾಗಿಲಲ್ಲಿ ಅವಳೂ ಒಂದು ಸಲ ಹೋಗಲಿ ಎಂದು ಬಿಷಪ್ಪರು ಬಿಟ್ಟುಬಿಟ್ಟರು.

ಭಾನುವಾರ ಬೆಂಚು ಬೆಂಚಾಗಿ ಎದ್ದು ನಿಂತೆವು. ನಮ್ಮಲ್ಲಿ ಬಿಷಪ್ಪರೇ ರೊಟ್ಟಿ ಮುರಿದು ಒಬ್ಬೊಬ್ಬರ ಕೈಗೆ ಕೊಡುತ್ತಾರೆ. ಒಂದು ಬೆಂಚಿನವರು ತಿಂದು ಮುಗಿಸಿ ಕುಳಿತ ಮೇಲೆ ಮುಂದಿನ ಬೆಂಚು. ವೆರ್ನಾಳ ಮುಂದೆ ಬಂದಾಗ ಮುದುಕರ ಕೈ ತಪ್ಪಿತೋ, ಬೇಕೆಂದೇ ಮಾಡಿದರೋ, ಉಳುವವನಿಗೆ ಕೊಡುವಂಥ ದೊಡ್ಡ ತುಂಡು ಮುರಿದು ಬಂತು. ವೆರ್ನಾ ಅದನ್ನು ನೋಡಿದಳು. ಬಾಯಿಗಿಟ್ಟುಕೊಂಡಳು. ಅಗಿಯತೊಡಗಿದಳು.

ಬೆಂಚಿನ ಉಳಿದವರದು ಮುಗಿಯಿತು. ವೆರ್ನಾಳದು ಮುಗಿಯಲಿಲ್ಲ. ಮುಂದಿನ ಬೆಂಚಿನವರು ಏಳಲಾರದೆ ಕುಳಿತಲ್ಲೇ ಮಿಸುಕಾಡಿದರು. ಇಡೀ ಮಂದಿರ ಅವಳ ದವಡೆಯನ್ನೇ ನೋಡುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಎಡ್ನಾಳಿಗೆ ಎರಡು ವಾರದ ಮೌನ ಇನ್ನು ತಡೆಯಲಾಗಲಿಲ್ಲ.

"ಬೇಗ ಅಗಿಯೇ," ಅವಳು ತನ್ನ ಆ ಪಿಸುಮಾತಿನಲ್ಲಿ ಗುಡುಗಿದಳು, "ಜನ ಕಾಯ್ತಾ ಇದಾರೆ."

"ಕಾಯ್ಲಿ," ಅಂದಳು ವೆರ್ನಾ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ.